ಹಿರಿಯರ ಹೋಮ್ ನೋಡಲು ಹೋಗುವವರು ಏನೇನು ನೋಡಬೇಕು

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಹೋಗುವ ಸಣ್ಣ ಆಸ್ಪತ್ರೆ. ಹಾಗಾಗಿ ಡಲ್ಲಾಸ್‌ನಲ್ಲಿರುವ ದೊಡ್ಡಮ್ಮನ ಮಗ ಫೋನ್ ಮಾಡಿ "ಅಮ್ಮನಿಗೆ ಒಂದು ಒಳ್ಳೇ ನರ್ಸಿಂಗ್ ಹೋಮ್ ನೋಡೋ" ಅಂದಾಗ ನಾನು "ಯಾಕೆ, ಮತ್ತೆ ಅಡ್ಮಿಟ್ ಮಾಡಬೇಕಂತಾ?" ಅಂತ ಕೇಳಿದೆ. ಅವನು ಹೇಳಿದ್ದು ಬೇರೆ. ಎದ್ದು ಓಡಾಡಲು ಆಗದ ಹಿರಿಯರನ್ನು ಇಟ್ಟುಕೊಂಡು ಊಟ, ಸ್ನಾನ, ಔಷಧ ಎಲ್ಲ ನೋಡಿಕೊಳ್ಳುವ ಜಾಗ. ಇಲ್ಲಿ ಅದಕ್ಕೆ ಒಂದೇ ಹೆಸರಿಲ್ಲ. ವೃದ್ಧಾಶ್ರಮ, ಎಲ್ಡರ್ ಕೇರ್, ಅಸಿಸ್ಟೆಡ್ ಲಿವಿಂಗ್, ಆರೈಕೆ ಕೇಂದ್ರ ಅಂತ ಬೋರ್ಡುಗಳಿರುತ್ತವೆ. ನಾನು ಸುಮ್ನೆ ಹೋಮ್ ಅಂತಲೇ ಬರೆಯುತ್ತೇನೆ.

ದೊಡ್ಡಮ್ಮ ತೀರ್ಥಹಳ್ಳಿ ಕಡೆಯವಳು, ವಯಸ್ಸು 79. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಮಕ್ಕಳಿಬ್ಬರೂ ಹೊರದೇಶದಲ್ಲಿ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ನಾನು ನೋಡಿದ ಮೊದಲ ಹೋಮ್ ನನಗೆ ಬಹಳ ಹಿಡಿಸಿಬಿಟ್ಟಿತು. ಬಾಗಿಲಲ್ಲೇ ಮೀನಿನ ತೊಟ್ಟಿ, ಗೋಡೆ ತುಂಬ ದೀಪಾವಳಿ, ಸಂಕ್ರಾಂತಿಯ ಫೋಟೊ, ಕಾಫಿ ಕೊಟ್ಟು ಮಾತಾಡಿಸಿದ ಮ್ಯಾನೇಜರ್. ಅವತ್ತೇ ಅಡ್ವಾನ್ಸ್ ಕೊಟ್ಟು ಬಂದೆ.

19ನೇ ದಿನ ಹೊಸ ಸಾಕ್ಸ್ ಹಾಕೋಣ ಅಂತ ಹಳೇದನ್ನು ಎಳೆದು ತೆಗೆದೆ. ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ, ಅದರ ಸುತ್ತ ಕೆಂಪು. "ಬೆಳಗ್ಗೆ ತಾನೆ ನೋಡಿದ್ವಿ ಸಾರ್, ಏನೂ ಇರಲಿಲ್ಲ" ಅಂದರು. ಮಂಚದ ಬುಡದಲ್ಲಿ ಒಂದು ಪಟ್ಟಿ ನೇತುಹಾಕಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೇವೆ ಅಂತ ಅದರಲ್ಲಿ ಸಾಲಾಗಿ ಟಿಕ್. ಒಂದೇ ಪೆನ್ನು, ಒಂದೇ ಕೈ. ಆಗ ಮಧ್ಯಾಹ್ನ ಮೂರೂವರೆ. ಟಿಕ್ ಮಾತ್ರ ರಾತ್ರಿ ಎಂಟರ ಸಾಲಿನವರೆಗೂ ಬಿದ್ದಿತ್ತು.

ಆಮೇಲೆ ಇನ್ನೂ ಏಳು ಹೋಮ್ ನೋಡಿದೆ. ಅವರು ತೋರಿಸುವ ಹೊತ್ತಿನಲ್ಲಿ ಎಲ್ಲ ಹೋಮೂ ಚೆನ್ನಾಗಿಯೇ ಇರುತ್ತದೆ. ತೋರಿಸದ ಹೊತ್ತಿನಲ್ಲಿ, ತೋರಿಸದ ಕೋಣೆಯಲ್ಲಿ ಏನು ನಡೆಯುತ್ತದೆ ಅನ್ನೋದನ್ನು ಹುಡುಕಿಕೊಂಡು ಹೋಗಬೇಕು. ಅದನ್ನು ಹೇಗೆ ಮಾಡೋದು ಅಂತ ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

1. ಮೊದಲು ನಿಮ್ಮವರಿಗೆ ಏನು ಬೇಕು ಅಂತ ಬರೆದುಕೊಳ್ಳಿ

ಡಿಸ್ಚಾರ್ಜ್ ಸಮರಿ ಎದುರಿಗಿಟ್ಟುಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ತಾವೇ ಎದ್ದು ಟಾಯ್ಲೆಟ್ಟಿಗೆ ಹೋಗುತ್ತಾರಾ, ಒಬ್ಬರು ಹಿಡಿಯಬೇಕಾ, ಇಬ್ಬರು ಬೇಕಾ? ನುಂಗುವಾಗ ಕೆಮ್ಮು ಬರುತ್ತಾ? ಮೂಗಿನ ಟ್ಯೂಬು, ಮೂತ್ರದ ಟ್ಯೂಬು ಇದೆಯಾ? ಇನ್ಸುಲಿನ್ ಎಷ್ಟು ಹೊತ್ತಿಗೆ? ಮರೆವು ಎಷ್ಟಿದೆ, ರಾತ್ರಿ ಎದ್ದು ಓಡಾಡುತ್ತಾರಾ?

ಈ ಹಾಳೆ ಇಲ್ಲದೆ ಹೋದರೆ ಅವರು ಮಾರುವುದನ್ನು ನೀವು ಕೊಳ್ಳುತ್ತೀರಿ. ಎಷ್ಟೋ ವೃದ್ಧಾಶ್ರಮಗಳು ತಮ್ಮ ಕೆಲಸ ತಾವು ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಅದು ತಪ್ಪೇನಲ್ಲ, ಅವರ ಶಕ್ತಿ ಅಷ್ಟೇ. ಆದರೆ ಆರು ತಿಂಗಳಾದ ಮೇಲೆ ಹಾಸಿಗೆ ಹಿಡಿದರೆ "ಕರೆದುಕೊಂಡು ಹೋಗಿ" ಅಂತಾರಾ ಅನ್ನೋದು ಈಗಲೇ ಗೊತ್ತಿರಬೇಕು.

2. ಫೋನಿನಲ್ಲೇ ಅರ್ಧ ಜರಡಿ ಹಿಡಿಯಿರಿ

ಹತ್ತು ಜಾಗಕ್ಕೆ ಓಡಾಡುವ ಅಗತ್ಯವಿಲ್ಲ. ಫೋನಿನಲ್ಲಿ ನಾಲ್ಕೇ ಪ್ರಶ್ನೆ ಸಾಕು.

ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ, ಅವರಲ್ಲಿ ನರ್ಸ್ ಎಷ್ಟು ಜನ?
ಈಗ ಎಷ್ಟು ಮಂದಿ ಹಿರಿಯರಿದ್ದಾರೆ, ಅವರಲ್ಲಿ ಹಾಸಿಗೆ ಹಿಡಿದವರು ಎಷ್ಟು?
ನಾವು ಯಾವ ಹೊತ್ತಿನಲ್ಲಾದರೂ ಬಂದು ನೋಡಬಹುದಾ?
ಯಾವ ಸ್ಥಿತಿ ಬಂದರೆ ನೀವು ಇಟ್ಟುಕೊಳ್ಳಲ್ಲ?

ಉತ್ತರಕ್ಕಿಂತ ಉತ್ತರ ಬರುವ ರೀತಿಯನ್ನು ಗಮನಿಸಿ. "ಹಗಲು ಆರು ಜನ, ರಾತ್ರಿ ಮೂರು, ಅದರಲ್ಲಿ ಒಬ್ಬ ಸಿಸ್ಟರ್" ಅಂತ ತಟ್ಟನೆ ಹೇಳುವವರು ಒಂದು ಥರ. "ಸ್ಟಾಫ್ ಸಾಕಷ್ಟಿದ್ದಾರೆ ಸಾರ್, ನೀವು ಬನ್ನಿ ಮಾತಾಡೋಣ" ಅನ್ನುವವರು ಇನ್ನೊಂದು ಥರ. ಎರಡನೆಯವರ ಹತ್ತಿರ ನಾನು ಹೋಗಲಿಲ್ಲ.

3. ಕಾಗದ ಪತ್ರ ಕೇಳಲು ಸಂಕೋಚ ಬೇಡ

ಅಮೆರಿಕದಲ್ಲಿ ಮೆಡಿಕೇರ್ ಅನ್ನುವ, ಹಿರಿಯರಿಗಾಗಿ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆಯ ವೆಬ್‌ಸೈಟಿನಲ್ಲಿ ಪ್ರತಿ ನರ್ಸಿಂಗ್ ಹೋಮಿಗೂ ಒಂದರಿಂದ ಐದು ನಕ್ಷತ್ರ ಕೊಟ್ಟಿರುತ್ತಾರೆ. 2008ರಿಂದ ಈ ಪದ್ಧತಿ ಇದೆ. ತಪಾಸಣೆಯ ವರದಿ, ಸಿಬ್ಬಂದಿ ಎಷ್ಟು, ಆರೈಕೆಯ ಫಲ ಹೇಗಿದೆ ಅನ್ನುವ ಮೂರನ್ನೂ ನೋಡಿ ನಕ್ಷತ್ರ ಹಾಕುತ್ತಾರೆ. ಡಲ್ಲಾಸ್‌ನ ಅಣ್ಣ ನನಗೂ ಅದೇ ಕೇಳಿದ: "ರೇಟಿಂಗ್ ಎಷ್ಟಿದೆ?" ನಮ್ಮಲ್ಲಿ ಇರೋದು ಗೂಗಲ್ ನಕ್ಷತ್ರ. ಅದನ್ನು ಹಾಕುವವರು ಹೊರಗೆ ಕೂತು ಕಾಫಿ ಕುಡಿದು ಬಂದವರು. ಒಳಗೆ ಮಲಗಿರುವವರು ರಿವ್ಯೂ ಬರೆಯಲ್ಲ.

ಹಾಗಾಗಿ ಕಾಗದ ನಾವೇ ನೋಡಬೇಕು. ಡ್ರಿಪ್, ಆಕ್ಸಿಜನ್, ಗಾಯದ ಡ್ರೆಸಿಂಗ್ ಅಂತ ಚಿಕಿತ್ಸೆಯನ್ನೂ ಕೊಡುತ್ತೇವೆ ಅನ್ನುವ ಜಾಗವಾದರೆ ಕೆಪಿಎಂಇ ನೋಂದಣಿ ಕೇಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಅಂತ ಅದರ ಪೂರ್ತಿ ಹೆಸರು. ಸರ್ಟಿಫಿಕೇಟ್ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಿರಬೇಕು. ಅದರಲ್ಲಿರುವ ವಿಳಾಸ ನೀವು ನಿಂತಿರುವ ವಿಳಾಸವೇ ತಾನೆ ಅಂತಲೂ ನೋಡಿ. ಒಂದು ಕಡೆ ನನಗೆ ತೋರಿಸಿದ ಸರ್ಟಿಫಿಕೇಟ್ ಅವರದೇ ಇನ್ನೊಂದು ಬ್ರಾಂಚಿನದು.

"ನಮ್ಮದು ರಿಜಿಸ್ಟರ್ಡ್ ಟ್ರಸ್ಟ್" ಅನ್ನೋ ಮಾತಿಗೆ ಮರುಳಾಗಬೇಡಿ. ಟ್ರಸ್ಟ್ ನೋಂದಣಿ ಅಂದರೆ ಯಜಮಾನ ಯಾರು ಅಂತ ಗೊತ್ತಾಗುತ್ತದೆ, ಅಷ್ಟೇ. ಆರೈಕೆ ಚೆನ್ನಾಗಿದೆ ಅಂತ ಅಲ್ಲ.

ನರ್ಸುಗಳ ಓದು ಕೇಳಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ್ದು, ಜಿಎನ್‌ಎಂ ಮೂರು ವರ್ಷದ್ದು. ಇಬ್ಬರಿಗೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರುತ್ತದೆ. ನೀಲಿ ಸ್ಕ್ರಬ್ ಹಾಕಿಕೊಂಡವರೆಲ್ಲ ನರ್ಸ್ ಅಲ್ಲ. ಮೊದಲ ಹೋಮಿನಲ್ಲಿ ನಾನು ಸಿಸ್ಟರ್ ಅಂತ ಕರೆಯುತ್ತಿದ್ದ ಹುಡುಗಿ ಮೂರು ತಿಂಗಳ ಹಿಂದೆ ಊರಿಂದ ಬಂದು ಅಟೆಂಡರ್ ಆಗಿ ಸೇರಿದವಳು. ಪಾಪ, ಅವಳದೇನೂ ತಪ್ಪಿಲ್ಲ. ಅವಳ ಕೈಗೆ ಇನ್ಸುಲಿನ್ ಸಿರಿಂಜ್ ಕೊಟ್ಟವರದು ತಪ್ಪು.

4. ಎರಡು ಸಲ ಹೋಗಿ, ಎರಡನೇ ಸಲ ಹೇಳದೆ ಹೋಗಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಮೊದಲ ಸಲ ಅವರು ಹೇಳಿದ ಹೊತ್ತಿಗೇ ಹೋಗಿ, ಬೆಳಗ್ಗೆ ಹನ್ನೊಂದಕ್ಕೆ. ಆಗ ಸ್ನಾನ, ತಿಂಡಿ ಎಲ್ಲ ಮುಗಿದು ನೆಲ ಒರೆಸಿರುತ್ತಾರೆ. ಎರಡನೇ ಸಲ ಭಾನುವಾರ ಸಂಜೆ ಏಳರ ಸುಮಾರಿಗೆ ಹೋಗಿ. ಆ ಹೊತ್ತಿಗೆ ಡ್ಯೂಟಿ ಬದಲಾಗುತ್ತಿರುತ್ತದೆ, ರಾತ್ರಿ ಊಟ ಬಂದಿರುತ್ತದೆ, ಮ್ಯಾನೇಜರ್ ಮನೆಗೆ ಹೋಗಿರುತ್ತಾರೆ. "ಅವತ್ತು ಒಂದು ವಿಷಯ ಕೇಳೋದು ಮರೆತಿದ್ದೆ" ಅಂದರೆ ಸಾಕು. ಒಳಗೆ ಬಿಡದೇ ಹೋದರೆ ಅದೂ ಒಂದು ಉತ್ತರವೇ, ಅಲ್ವಾ?

ಒಳಗೆ ಹೋದ ಮೇಲೆ ರಿಸೆಪ್ಷನ್ ಬಿಟ್ಟು ಕೊನೆಯ ಕೋಣೆಗೆ ಹೋಗಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಅಲ್ಲೇ ಇಟ್ಟಿರುತ್ತಾರೆ. ಬಾಗಿಲಲ್ಲಿ ನಿಂತು ಮೊದಲು ಮೂಗು ಬಳಸಿ. ಇಪ್ಪತ್ತು ಮುದುಕರಿರುವ ಮನೆಯಲ್ಲಿ ಒಂದು ಸಲ ಮೂತ್ರದ ವಾಸನೆ ಬಂದರೆ ಗಾಬರಿ ಬೇಡ, ಈಗಷ್ಟೇ ಆಗಿರಬಹುದು. ಅರ್ಧ ಗಂಟೆ ಬಿಟ್ಟು ಅಲ್ಲೇ ಮತ್ತೆ ಹಾದುಹೋಗಿ. ಆಗಲೂ ಅದೇ ವಾಸನೆ ಇದ್ದರೆ ಯಾರೂ ನೋಡಿಲ್ಲ ಅಂತ ಅರ್ಥ. ಕಣ್ಣು ಉರಿಯುವಷ್ಟು ಫಿನೈಲ್ ಹೊಡೆದಿದ್ದರೂ ನನಗೆ ಅನುಮಾನವೇ.

ಆಮೇಲೆ ನೀರು. ಮಂಚದ ಪಕ್ಕ ನೀರಿನ ಲೋಟ ಇದೆಯಾ, ಇದ್ದರೆ ಮಲಗಿದವರ ಕೈಗೆ ಎಟಕುತ್ತಾ? ಕಿಟಕಿಯ ಮೇಲೆ ಅಂದವಾಗಿ ಮುಚ್ಚಿಟ್ಟ ಲೋಟದಿಂದ ಯಾರಿಗೂ ಉಪಯೋಗವಿಲ್ಲ. ರಾತ್ರಿ ಡಯಾಪರ್ ಬದಲಿಸುವ ಕೆಲಸ ತಪ್ಪಲಿ ಅಂತ ಸಂಜೆ ಆದಮೇಲೆ ನೀರೇ ಕೊಡದ ಜಾಗಗಳೂ ಉಂಟು. ಹಿರಿಯರ ತುಟಿ ನೋಡಿ, ನಾಲಗೆ ನೋಡಿ. ಒಣಗಿ ಬಿರಿದಿದ್ದರೆ ಇನ್ನೇನೂ ಕೇಳುವುದು ಬೇಡ.

ಉಗುರು ನೋಡಿ. ಕೈಯುಗುರು ಅಲ್ಲ, ಕಾಲಿನದು. ಗಂಡಸರ ಗಡ್ಡ, ಹಲ್ಲಿನ ಸೆಟ್ಟು, ಕನ್ನಡಕದ ಗಾಜು, ಕಿವಿ ಮೆಷಿನ್ ಗಮನಿಸಿ. ಮೆಷಿನ್ ಡಬ್ಬಿಯೊಳಗೇ ಇದ್ದರೆ ಅವರ ಹತ್ತಿರ ಬೆಳಗ್ಗೆಯಿಂದ ಯಾರೂ ಮಾತಾಡಿಲ್ಲ. ಸೀರೆಯೋ ನೈಟಿಯೋ ಅವರದೇ ತಾನೇ? ಒಗೆದ ಬಟ್ಟೆಯ ರಾಶಿಯಿಂದ ಸಿಕ್ಕಿದ್ದನ್ನು ಸಿಕ್ಕವರಿಗೆ ಹಾಕುವ ಪದ್ಧತಿ ಕೆಲವು ಕಡೆ ಇದೆ.

ಕರೆಗಂಟೆ ಇದ್ದರೆ ಒತ್ತಿ ನೋಡಿ. ಗಡಿಯಾರ ನೋಡಿಕೊಳ್ಳಿ. ಮೂರನೇ ಹೋಮಿನಲ್ಲಿ ನಾನು ಒತ್ತಿದ ಗಂಟೆ ಎಲ್ಲೂ ಬಾರಿಸಲೇ ಇಲ್ಲ. "ಅದು ರಿಪೇರಿಗೆ ಹೇಳಿದೀವಿ" ಅಂದರು. ಗುಂಡಿಯ ಮೇಲೆ ದಪ್ಪಗೆ ಧೂಳು ಕೂತಿತ್ತು.

ಕೈಗೆ ಬ್ಯಾಂಡೇಜ್ ಬಟ್ಟೆಯಿಂದಲೋ ದುಪಟ್ಟಾದಿಂದಲೋ ಕಟ್ಟು ಹಾಕಿರುವವರು ಯಾರಾದರೂ ಇದ್ದಾರಾ ನೋಡಿ. "ಟ್ಯೂಬು ಕಿತ್ಕೋತಾರೆ, ಅದಕ್ಕೆ" ಅಂತಾರೆ. ಯಾರು ಹೇಳಿದರು, ಎಷ್ಟು ಹೊತ್ತು, ಎಲ್ಲಿ ಬರೆದಿದೆ ಅಂತ ಕೇಳಿ. ಇನ್ನೊಂದು ಥರದ ಕಟ್ಟು ಕಣ್ಣಿಗೆ ಕಾಣಲ್ಲ. ಸಂಜೆ ನಾಲ್ಕಕ್ಕೇ ಇಡೀ ಕೋಣೆ ಗೊರಕೆ ಹೊಡೆಯುತ್ತಿದ್ದರೆ ನಿದ್ದೆ ಮಾತ್ರೆಯ ಬಗ್ಗೆ ಕೇಳಲೇಬೇಕು. ಗಲಾಟೆ ಮಾಡುವವರನ್ನು ಮಾತ್ರೆ ಹಾಕಿ ಸುಮ್ಮನಾಗಿಸಿದರೆ ಸ್ಟಾಫಿಗೆ ಆರಾಮ. ಆದರೆ ಮಂಪರಿನಲ್ಲಿ ಎದ್ದವರು ಬೀಳುತ್ತಾರೆ, ಮಂಪರಿನಲ್ಲಿ ನುಂಗಿದ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ.

5. ಹಾಸಿಗೆ ಹುಣ್ಣು

ಮಲಗಿಯೇ ಇರುವವರಿಗೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಸಾಯುತ್ತದೆ. ಬೆನ್ನಿನ ಬುಡ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಈ ಜಾಗಗಳನ್ನು ಬಾಯಿಪಾಠ ಮಾಡಿಕೊಳ್ಳಿ. ತಡೆಯಲು ಗೊತ್ತಿರುವ ದಾರಿ ಹಳೆಯದೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮ ಒಣಗಿರಬೇಕು, ಹೊಟ್ಟೆಗೆ ಸಾಕಷ್ಟು ಬೀಳಬೇಕು.

ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಸಮಯವಿದೆ. ಒತ್ತಿದರೂ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಬಣ್ಣ ಕಂದಿದೆಯಾ ಅಂತ ಕೈಯಿಟ್ಟು ನೋಡಬೇಕು.

ಗಾಳಿ ಹಾಸಿಗೆ ಇದೆ ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ಅದರ ಪಂಪಿನ ಪ್ಲಗ್ ಹಾಕಿದೆಯಾ ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ನಾನು ನೋಡಿದ ಒಂದು ಕಡೆ ಆ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದರು.

ಹೋಮಿನವರಿಗೆ ನೇರವಾಗಿ ಕೇಳಿ: "ಈಗ ಇಲ್ಲಿ ಎಷ್ಟು ಜನಕ್ಕೆ ಬೆಡ್‌ಸೋರ್ ಇದೆ? ಅದರಲ್ಲಿ ಎಷ್ಟು ಜನ ಇಲ್ಲಿಗೆ ಬಂದ ಮೇಲೆ ಆದದ್ದು?" ಆಸ್ಪತ್ರೆಯಿಂದಲೇ ಹುಣ್ಣು ತಂದುಕೊಂಡು ಬರುವವರು ಎಷ್ಟೋ ಮಂದಿ. ಹಾಗಾಗಿ ಒಂದಿಬ್ಬರಿಗೆ ಇದೆ ಅಂದರೆ ಹೋಮ್ ಕೆಟ್ಟದ್ದು ಅಂತಲ್ಲ. "ಒಬ್ಬರಿಗೂ ಇಲ್ಲ, ಯಾವತ್ತೂ ಆಗಿಲ್ಲ" ಅನ್ನುವವರನ್ನು ನಾನು ನಂಬುವುದಿಲ್ಲ. ಒಳ್ಳೆಯ ಹೋಮಿನಲ್ಲಿ ಸೇರಿಸಿಕೊಂಡ ದಿನವೇ ಮೈಯೆಲ್ಲ ನೋಡಿ, ಇದ್ದ ಗಾಯದ ಫೋಟೊ ತೆಗೆದು ನಿಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಅವರು ಕೇಳದಿದ್ದರೆ ನೀವೇ ತೆಗೆದಿಟ್ಟುಕೊಳ್ಳಿ.

ಪಟ್ಟಿಯಲ್ಲಿನ ಟಿಕ್ಕಿನ ಕಥೆ ಹೇಳಿದೆನಲ್ಲ, ಅದಕ್ಕೇ ಪಟ್ಟಿ ಕಂಡರೆ ಮೊದಲು ನಿಮ್ಮ ಗಡಿಯಾರ ನೋಡಿ.

6. ಔಷಧದ ಮೇಜು

ಒಬ್ಬೊಬ್ಬರ ಮಾತ್ರೆ ಬೇರೆ ಬೇರೆ ಡಬ್ಬಿಯಲ್ಲಿ, ಹೆಸರು ಬರೆದು ಇರಬೇಕು. ಕೊಟ್ಟ ತಕ್ಷಣ ಸಹಿ ಹಾಕಬೇಕು, ರಾತ್ರಿ ಕೂತು ಒಟ್ಟಿಗೆ ಹಾಕುವುದಲ್ಲ. ಬೇಡ ಅಂತ ಉಗಿದರೆ ಅದನ್ನೂ ಬರೆಯಬೇಕು. "ಇವರು ಮಾತ್ರೆ ತಗೊಳ್ಳಲಿಲ್ಲ ಅಂದರೆ ಏನು ಮಾಡ್ತೀರಿ?" ಅಂತ ಕೇಳಿ. "ಅನ್ನದಲ್ಲಿ ಪುಡಿ ಮಾಡಿ ಹಾಕ್ತೀವಿ" ಅಂದರೆ ಯೋಚಿಸಬೇಕು. ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ. ನಿಧಾನಕ್ಕೆ ಕರಗಲಿ ಅಂತ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಮೈಗೆ ಹೋಗುತ್ತದೆ.

ಇನ್ಸುಲಿನ್ ಇದ್ದರೆ ಫ್ರಿಜ್ ತೆಗೆದು ತೋರಿಸಿ ಅನ್ನಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ಗೆ ತಗುಲಿಕೊಂಡಿರಬಾರದು. ಬಳಸುತ್ತಿರುವ ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದಿರಬೇಕು. ಸಾಮಾನ್ಯವಾಗಿ ತೆರೆದ 28 ದಿನಕ್ಕೆ ಅದನ್ನು ಎಸೆಯಬೇಕು. ಇನ್ನೊಂದು ಮುಖ್ಯ ಪ್ರಶ್ನೆ: ಇಂಜೆಕ್ಷನ್ ಎಷ್ಟು ಹೊತ್ತಿಗೆ, ತಿಂಡಿ ಎಷ್ಟು ಹೊತ್ತಿಗೆ? ನರ್ಸ್ ಏಳಕ್ಕೆ ಚುಚ್ಚಿ, ಅಡುಗೆಯವರು ಬರುವುದು ತಡವಾಗಿ ಒಂಬತ್ತಕ್ಕೆ ಇಡ್ಲಿ ಬಂದರೆ ನಡುವೆ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು.

7. ರಾತ್ರಿ, ಭಾಷೆ, ಎತ್ತುವ ಕೈ

ದೊಡ್ಡಮ್ಮನನ್ನು ಮಂಚದಿಂದ ಎಬ್ಬಿಸಲು ಇಬ್ಬರು ಬೇಕಿತ್ತು. ಮೊದಲ ಹೋಮಿನಲ್ಲಿ ಆ ಮಹಡಿಗೆ ರಾತ್ರಿ ಒಬ್ಬಳೇ ಇದ್ದಳು. ಹಾಗಾದರೆ ರಾತ್ರಿ ಎರಡಕ್ಕೆ ದೊಡ್ಡಮ್ಮ ಕರೆದಾಗ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಇಷ್ಟು ಸರಳ ಲೆಕ್ಕ ನನಗೆ ಅಡ್ವಾನ್ಸ್ ಕೊಡುವಾಗ ಹೊಳೆಯಲಿಲ್ಲ.

ಬೆಂಗಳೂರಿನ ಹೋಮುಗಳಲ್ಲಿ ಅಟೆಂಡರ್‌ಗಳು ಒಡಿಶಾ, ಜಾರ್ಖಂಡ್, ಈಶಾನ್ಯದ ರಾಜ್ಯಗಳಿಂದ ಬಂದವರು ಜಾಸ್ತಿ. ಬಹಳ ಕಷ್ಟಪಟ್ಟು ದುಡಿಯುವ ಮಕ್ಕಳು. ಆದರೆ "ಮೈ ಉರಿಯತ್ತೆ", "ಒಂದಕ್ಕೆ ಹೋಗ್ಬೇಕು", "ಸಂಕಟ ಆಗ್ತಿದೆ" ಅಂದರೆ ಅವರಿಗೆ ಹೇಗೆ ತಿಳಿಯಬೇಕು? ಮರೆವಿನ ಕಾಯಿಲೆ ಇರುವವರು ಕಲಿತ ಹಿಂದಿ, ಇಂಗ್ಲಿಷ್ ಮರೆತು ಚಿಕ್ಕಂದಿನ ಮಾತಿಗೇ ಮರಳುತ್ತಾರೆ. ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇದ್ದಾರಾ ಕೇಳಿ. ನಾವು ಒಂದು ರಟ್ಟಿನ ಮೇಲೆ ದೊಡ್ಡಮ್ಮ ಬಳಸುವ ಹನ್ನೆರಡು ಮಾತು ಬರೆದು, ಪಕ್ಕದಲ್ಲಿ ಹಿಂದಿಯಲ್ಲಿ ಅರ್ಥ ಬರೆದು ತಲೆಯ ಹತ್ತಿರ ಅಂಟಿಸಿದೆವು. ಆಮೇಲೆ ಸೇರಿಸಿದ ಎರಡನೇ ಹೋಮಿನ ಹುಡುಗಿ ಒಂದೇ ವಾರದಲ್ಲಿ "ಎಂತ ಬೇಕು ಅಜ್ಜಿ" ಅನ್ನೋಕೆ ಕಲಿತಳು.

ಒಬ್ಬರಿಗೆ ಎಷ್ಟು ಜನ ಅನ್ನುವ ಲೆಕ್ಕ ಕೇಳುವಾಗ ಅಡುಗೆಯವರು, ಕಸ ಗುಡಿಸುವವರು, ಸೆಕ್ಯುರಿಟಿಯನ್ನೂ ಸೇರಿಸಿ ಹೇಳುತ್ತಾರೆ. ಮೈ ಮುಟ್ಟಿ ಕೆಲಸ ಮಾಡುವವರು ಎಷ್ಟು ಅಂತ ಬಿಡಿಸಿ ಕೇಳಿ. ಇಲ್ಲಿ ಎಷ್ಟು ದಿನದಿಂದ ಇದ್ದೀರಿ ಅಂತ ಅಟೆಂಡರ್‌ಗಳನ್ನೇ ಮಾತಾಡಿಸಿ. ಎಲ್ಲರೂ ಎರಡು ತಿಂಗಳ ಹೊಸಬರೇ ಆದರೆ, ಹಳಬರು ಯಾಕೆ ಬಿಟ್ಟರು ಅನ್ನೋದು ಪ್ರಶ್ನೆ.

8. ಬೀಳುವುದು, ಬೆಂಕಿ

ಬಚ್ಚಲಿಗೆ ಹೋಗಿ ನೀವೇ ಕಮೋಡಿನ ಮೇಲೆ ಕೂತು ಏಳಿ. ಹಿಡಿಕೆ ಕೈಗೆ ಸಿಗುತ್ತಾ? ಅದನ್ನು ಜೋರಾಗಿ ಎಳೆದು ನೋಡಿ, ಗೋಡೆಯಿಂದ ಕಿತ್ತು ಬರಬಾರದು. ನೆಲಕ್ಕೆ ನೀರು ಹಾಕಿ ಕಾಲಿಟ್ಟು ನೋಡಿ. ಗಾಲಿಕುರ್ಚಿ ಒಳಗೆ ಬರಬೇಕಾದರೆ ಬಾಗಿಲು 90 ಸೆಂಟಿಮೀಟರ್ ಅಗಲ ಬೇಕು. ರ‍್ಯಾಂಪ್ ಇದ್ದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಹೆಚ್ಚಿನ ಕಡೆ ಮನೆ ಮುಂದೆ ಸ್ಕೂಟರ್ ಹತ್ತಿಸುವ ಇಳಿಜಾರನ್ನೇ ರ‍್ಯಾಂಪ್ ಅಂತಾರೆ.

ಬಾಡಿಗೆ ಮನೆಯನ್ನೇ ಹೋಮ್ ಮಾಡಿರುವ ಕಡೆ ಬೆಂಕಿಯ ಬಗ್ಗೆ ಖಂಡಿತ ಕೇಳಿ. ಹಾಸಿಗೆ ಹಿಡಿದವರು ಯಾವ ಮಹಡಿಯಲ್ಲಿದ್ದಾರೆ? ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ, ಹಾಗಾದರೆ ಅವರನ್ನು ಯಾರು, ಹೇಗೆ ಇಳಿಸುತ್ತಾರೆ? ಎರಡನೇ ಮೆಟ್ಟಿಲು ಇದೆಯಾ, ಅದರ ಬಾಗಿಲಿಗೆ ಬೀಗ ಹಾಕಿ ಹಳೇ ಮಂಚ ಪೇರಿಸಿಲ್ಲ ತಾನೆ? ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿರಬೇಕು, ಸರ್ವಿಸ್ ಮಾಡಿಸಿದ ದಿನಾಂಕದ ಚೀಟಿ ಇರಬೇಕು. ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್ ಇರುವ ನಮ್ಮ ಮನೆಗಳಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ.

ಜನರೇಟರ್, ನೀರು ಎರಡನ್ನೂ ಇಲ್ಲೇ ಸೇರಿಸುತ್ತೇನೆ. ಕರೆಂಟ್ ಹೋದರೆ ಆಕ್ಸಿಜನ್ ಯಂತ್ರ, ಗಾಳಿ ಹಾಸಿಗೆ ಎರಡೂ ನಿಲ್ಲುತ್ತವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಲ್ಲದೇ ಹೋದದ್ದು ನೆನಪಿದೆಯಲ್ಲ. ಆಗ ವಾರಕ್ಕೆ ಎಷ್ಟು ಸಲ ಸ್ನಾನ ಮಾಡಿಸಿದಿರಿ ಅಂತ ಕೇಳಿ ನೋಡಿ.

9. ಊಟ

ತಿಂದು ನೋಡಿ, ಅವರ ತಟ್ಟೆಯ ಊಟವನ್ನೇ. ಮೆನು ಬೋರ್ಡ್ ನೋಡಿ ಪ್ರಯೋಜನವಿಲ್ಲ. ತಿನ್ನಿಸುವಾಗ ಬೆನ್ನು ಎತ್ತರಿಸಿ ಕೂರಿಸಿದ್ದಾರಾ, ಒಂದು ತುತ್ತು ನುಂಗುವ ಮೊದಲೇ ಇನ್ನೊಂದು ತುರುಕುತ್ತಾರಾ ಗಮನಿಸಿ. ತಿಂಗಳಿಗೊಮ್ಮೆ ತೂಕ ನೋಡುತ್ತಾರಾ ಕೇಳಿ. ಒಂದೇ ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ 50 ಕೆಜಿಯವರು ಎರಡೂವರೆ ಕೆಜಿ ಕಳೆದುಕೊಂಡರೆ, ಡಾಕ್ಟರಿಗೆ ತೋರಿಸಬೇಕು.

10. ದುಡ್ಡು ಮತ್ತು ಅಗ್ರಿಮೆಂಟ್

ನನಗೆ ಹೇಳಿದ್ದು ತಿಂಗಳಿಗೆ 38,000. ಮೊದಲ ಬಿಲ್ ಬಂದದ್ದು 57,400. ಡಯಾಪರ್, ಗ್ಲೌಸು, ಫಿಸಿಯೋಥೆರಪಿ, ಡಾಕ್ಟರ್ ವಿಸಿಟ್ ಎಲ್ಲ ಬೇರೆ. ಅದರಲ್ಲಿ "ಗಾಯದ ಡ್ರೆಸಿಂಗ್" ಅಂತಲೂ ಒಂದು ಸಾಲಿತ್ತು. ಅವರೇ ಮಾಡಿದ ಗಾಯಕ್ಕೆ ಅವರದೇ ಬಿಲ್.

ಅದಕ್ಕೇ, ಸೇರಿಸುವ ಮುಂಚೆ ಈಗಿರುವ ಯಾರಾದರೊಬ್ಬರ ಹೋದ ತಿಂಗಳ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಅಂತ ಕೇಳಿ. ಅಗ್ರಿಮೆಂಟಿನಲ್ಲಿ ಇಷ್ಟು ಇರಲೇಬೇಕು: ಅಡ್ವಾನ್ಸ್ ಎಷ್ಟು, ಬಿಟ್ಟಾಗ ಎಷ್ಟು ದಿನಕ್ಕೆ ವಾಪಸ್, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಬಾಡಿಗೆಯಾ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಬಿಡಲು ಎಷ್ಟು ದಿನದ ನೋಟಿಸ್. "ಏನಾದರೂ ಆದರೆ ನಾವು ಜವಾಬ್ದಾರರಲ್ಲ" ಅನ್ನುವ ಸಾಲಿಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ, ತೆಗೆಸಿ.

ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ಅದು ಸಾಮಾನ್ಯವಾಗಿ ಆಸ್ಪತ್ರೆ ಖರ್ಚಿಗೆ. 70 ತುಂಬಿದ ಎಲ್ಲರಿಗೂ 2024ರಲ್ಲಿ ಬಂದ ಆಯುಷ್ಮಾನ್ ವಯ ವಂದನಾ ಕಾರ್ಡಿನ 5 ಲಕ್ಷವೂ ಆಸ್ಪತ್ರೆಯ ಚಿಕಿತ್ಸೆಗೇ. ಹೋಮಿನ ತಿಂಗಳ ಬಿಲ್ ಕೈಯಿಂದಲೇ ಹೋಗುತ್ತದೆ.

ಕೇಳಲು ಬಾಯಿ ಬಾರದ ಒಂದು ವಿಷಯವಿದೆ. ರಾತ್ರಿ ತೀರಿಕೊಂಡರೆ ಯಾವ ಡಾಕ್ಟರ್ ಬಂದು ನೋಡುತ್ತಾರೆ, ಸಾವಿನ ಕಾರಣದ ಪ್ರಮಾಣಪತ್ರ ಯಾರು ಕೊಡುತ್ತಾರೆ? ಮಕ್ಕಳು ಹೊರದೇಶದಲ್ಲಿದ್ದರೆ ಆಸ್ಪತ್ರೆಗೆ ಸೇರಿಸಲು ಸಹಿ ಹಾಕುವವರು ಯಾರು? ಅಣ್ಣ ಒಂದು ಇಮೇಲಿನಲ್ಲಿ ನನ್ನ ಹೆಸರು ಬರೆದು ಹೋಮಿಗೂ ನನಗೂ ಕಳಿಸಿದ. ಅಷ್ಟು ಮಾಡಿಟ್ಟದ್ದು ಒಂದು ರಾತ್ರಿ ಕೆಲಸಕ್ಕೆ ಬಂತು.

11. ಸೇರಿಸಿದ ಮೇಲೆ

ಮೊದಲ ತಿಂಗಳು ವಾರಕ್ಕೆ ಮೂರು ಸಲ ಹೋಗಿ, ಪ್ರತಿ ಸಲ ಬೇರೆ ಹೊತ್ತಿಗೆ. ದೂರದಲ್ಲಿರುವವರು ವಿಡಿಯೋ ಕಾಲ್ ಮಾಡುತ್ತಾರೆ, ಆಗ ಅಮ್ಮನ ಮುಖ ಮಾತ್ರ ಕಾಣುತ್ತದೆ, ತಲೆ ಬಾಚಿರುತ್ತದೆ, ಕುಂಕುಮ ಇಟ್ಟಿರುತ್ತಾರೆ. "ಕಾಲು ತೋರಿಸಿ" ಅನ್ನಿ. ಫೋನ್ ಹಿಡಿದವರು ತಡವರಿಸಿದರೆ ಊರಲ್ಲಿರುವ ಯಾರನ್ನಾದರೂ ಅವತ್ತೇ ಕಳಿಸಿ.

ಏನಾದರೂ ತಪ್ಪು ಕಂಡರೆ ಫೋಟೊ ಸಮೇತ ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬರೆದು ತಿಳಿಸಿ, ಬಾಯಿಮಾತು ಉಳಿಯಲ್ಲ. ಸರಿಹೋಗದಿದ್ದರೆ ಹಿರಿಯರಿಗೆಂದೇ ಇರುವ ಎಲ್ಡರ್‌ಲೈನ್ 14567ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನಲ್ಲಿ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090 ಇದೆ. ಕೆಪಿಎಂಇ ನೋಂದಣಿ ಇರುವ ಜಾಗವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಬಿಲ್ಲು, ಅಡ್ವಾನ್ಸಿನ ತಕರಾರಿಗೆ ಗ್ರಾಹಕರ ಸಹಾಯವಾಣಿ 1915. ಹೊಡೆಯುವುದು, ಕೂಡಿ ಹಾಕುವುದು ಕಂಡರೆ ಯಾವುದಕ್ಕೂ ಕಾಯದೆ 112.

ಆದರೆ ದೂರಿನ ಫಲ ಬರುವವರೆಗೆ ನಿಮ್ಮವರನ್ನು ಅಲ್ಲೇ ಇಟ್ಟು ಕಾಯಬೇಡಿ. ಮೊದಲು ಬೇರೆ ಕಡೆ ಸೇರಿಸಿ, ಆಮೇಲೆ ಜಗಳವಾಡಿ. ನಾವು ಹಾಗೇ ಮಾಡಿದೆವು. ದೊಡ್ಡಮ್ಮನ ಹಿಮ್ಮಡಿ ಮಾಗಲು ನಾಲ್ಕು ತಿಂಗಳು ಹಿಡಿಯಿತು.

ಈಗಿರುವ ಹೋಮಿನಲ್ಲಿ ಮೀನಿನ ತೊಟ್ಟಿ ಇಲ್ಲ. ಹಳೇ ಕಾಲದ ಮನೆ, ಗೋಡೆಗೆ ಸುಣ್ಣ ಕಾಣಬೇಕು. ರಾತ್ರಿ ಹದಿನಾಲ್ಕು ಜನಕ್ಕೆ ಮೂವರಿದ್ದಾರೆ. ನಾನು ಹೋದ ಕೂಡಲೇ ಮಂಚದ ಬುಡದಲ್ಲಿ ಕೂತು ಸಾಕ್ಸ್ ತೆಗೆಯುತ್ತೇನೆ. "ಬಿಡಾ ಮಾರಾಯ, ಕಚಗುಳಿ ಆಗ್ತದೆ" ಅಂತ ದೊಡ್ಡಮ್ಮ ಕಾಲು ಎಳೆದುಕೊಳ್ಳುತ್ತಾಳೆ.